ನಮ್ಮೂರ ಮಿಡಿಸೌತೆ ಮತ್ತು ಹೊರದೇಶದ ಮಾರುಕಟ್ಟೆ

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಆಡಿದ ಮಾತು)



ವಿದೇಶಿ ವ್ಯಾಪಾರದ ಪೈಪೋಟಿಯಲ್ಲಿ ಗೆಲ್ಲಲು ಹೊಸ ತಂತ್ರಜ್ಞಾನ ಹೇಗೆ ನೆರವಾಗುತ್ತದೆ ಎಂಬುದರ ಬಗ್ಗೆ ಮಾತಾಡಬೇಕೆಂದು ಸಮಿತಿಯವರು ಹೇಳಿದಾಗ ನನಗೆ ಸ್ವಲ್ಪ ಅಳುಕಾಯಿತು. ನಾನು ಓದಿದ್ದು ಬಿ.ಇ., ಅರ್ಥಶಾಸ್ತ್ರವಲ್ಲ. ಆಮೇಲೆ ನೆನಪಾಯಿತು, ವಿದೇಶಿ ವ್ಯಾಪಾರ ನಮ್ಮೂರಿಗೆ ಹೊಸದೇನಲ್ಲ. ನಮ್ಮ ಹೊಲಗಳ ಮಿಡಿಸೌತೆಯೇ ಅದು.

1990ರ ದಶಕದ ಆರಂಭದಲ್ಲಿ ಕರ್ನಾಟಕಕ್ಕೆ ಬಂದ ಬೆಳೆ ಇದು. ನಮ್ಮ ಅಡುಗೆಮನೆಗೆ ಬೇಡ, ಸಂತೆಯಲ್ಲೂ ಕೇಳುವವರಿಲ್ಲ. ಬೀಜ ಕೊಡುವವರೂ ಕಾಯಿ ಕೊಳ್ಳುವವರೂ ಕಂಪನಿಯವರೇ. ಯುರೋಪಿನಲ್ಲಿ ಬೇಸಿಗೆಯ ಕೆಲವೇ ತಿಂಗಳು ಇದನ್ನು ಬೆಳೆಯಬಹುದು. ನಮ್ಮಲ್ಲಿ ನೀರೊಂದಿದ್ದರೆ ವರ್ಷವಿಡೀ ಬೆಳೆಯಬಹುದು. ಸುಮಾರು 90 ದಿನದ ಬೆಳೆ. ಕಾಯಿ ಚಿಕ್ಕದಾದಷ್ಟೂ ದರ ಹೆಚ್ಚು, ಒಂದು ದಿನ ತಡವಾದರೆ ಗ್ರೇಡು ಇಳಿಯಿತು. ಅದಕ್ಕೇ ನಮ್ಮ ಬ್ಯಾಚಿನ ಅರ್ಧ ಮಕ್ಕಳು ಬೆಳಿಗ್ಗೆ ಕಾಯಿ ಕಿತ್ತು, ಕೈ ತುರಿಸಿಕೊಳ್ಳುತ್ತಲೇ ಪ್ರಾರ್ಥನೆಗೆ ಬಂದು ನಿಲ್ಲುತ್ತಿದ್ದೆವು.

2020–21ರಲ್ಲಿ ನಮ್ಮ ದೇಶದಿಂದ 2 ಲಕ್ಷ ಟನ್ನಿಗೂ ಹೆಚ್ಚು ಸೌತೆ, ಮಿಡಿಸೌತೆ ಹೊರಕ್ಕೆ ಹೋಗಿ, 20 ಕೋಟಿ ಡಾಲರಿಗೂ ಹೆಚ್ಚು ಹಣ ಬಂತು. ಇದರ ಹಿಂದೆ ಸುಮಾರು 90,000 ಸಣ್ಣ ರೈತರಿದ್ದಾರೆ. ಆದರೆ ಟರ್ಕಿ, ವಿಯೆಟ್ನಾಂ ದೇಶಗಳೂ ಬೆಳೆಯುತ್ತವೆ. ಹಾಗಾದರೆ ಕೊಳ್ಳುವವನು ನಮ್ಮ ಬಳಿಗೇ ಏಕೆ ಬರಬೇಕು?

ನಾನು ಒಂಬತ್ತನೇ ತರಗತಿಯಲ್ಲಿದ್ದಾಗ ಒಂದು ಘಟನೆ ನಡೆಯಿತು. ನಮ್ಮೂರಿನಿಂದ ಹೋದ ಕಾಯಿಯಲ್ಲಿ ಕೀಟನಾಶಕದ ಅಂಶ ಸಿಕ್ಕಿತೆಂದು ಇಡೀ ಊರಿನ ಹಣ ತಡೆಹಿಡಿದರು. ಯಾರ ಹೊಲದ ಕಾಯಿ ಎಂದು ಹೇಳಲು ಕಂಪನಿಯಲ್ಲೂ ಲೆಕ್ಕವಿರಲಿಲ್ಲ, ನಮ್ಮಲ್ಲೂ ಇರಲಿಲ್ಲ. ಅಕ್ಕಪಕ್ಕದ ಮನೆಯವರು ಒಬ್ಬರನ್ನೊಬ್ಬರು ಅನುಮಾನದಿಂದ ನೋಡಿದರು. ಆ ವರ್ಷ ಅಮ್ಮನ ಸರ ಬ್ಯಾಂಕಿಗೆ ಹೋಯಿತು. ಅಂಗಡಿಯವನು ಕೊಟ್ಟ ಯಾವುದೋ ಔಷಧಿಯನ್ನು ಅಪ್ಪನೂ ಹೊಡೆದಿದ್ದರು. ಆ ಕಾಯಿ ನಮ್ಮದೇ ಇತ್ತೇನೋ ಎಂಬ ಪ್ರಶ್ನೆ ಅವರನ್ನು ಇವತ್ತಿಗೂ ಬಿಟ್ಟಿಲ್ಲ.

ಐರೋಪ್ಯ ಒಕ್ಕೂಟದಲ್ಲಿ ಪ್ರತ್ಯೇಕ ಮಿತಿ ಗೊತ್ತುಮಾಡದ ಕೀಟನಾಶಕಕ್ಕೆ ಇಂದು ಇರುವ ಮಿತಿ, ಕಿಲೋಗೆ 0.01 ಮಿಲಿಗ್ರಾಂ. ಅಂದರೆ ಒಂದು ಲಕ್ಷ ಕಿಲೋ ಕಾಯಿಗೆ ಒಂದು ಗ್ರಾಂ! ಸಾವಿರಾರು ಮೈಲಿ ದೂರದಲ್ಲಿರುವ ಗಿರಾಕಿ ನಮ್ಮ ಮುಖ ನೋಡಿ ನಂಬುವುದಿಲ್ಲ, ನಮ್ಮ ದಾಖಲೆ ನೋಡಿ ನಂಬುತ್ತಾನೆ.

ಬಿ.ಇ. ಮುಗಿಸಿ ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿದ ಮೇಲೆ ಇಂಥದ್ದೇ ತಂತ್ರಾಂಶ ಬರೆಯುವ ತಂಡದಲ್ಲಿ ನನಗೆ ಜಾಗ ಸಿಕ್ಕಿತು. ರೈತನಿಗೆ ಒಂದು ನಂಬರ್, ಕಿತ್ತ ದಿನಕ್ಕೊಂದು ನಂಬರ್, ಡ್ರಮ್ಮಿಗೊಂದು ನಂಬರ್. ಡ್ರಮ್ಮಿನ ನಂಬರ್ ಹಿಡಿದು ಹಿಂದಕ್ಕೆ ಬಂದರೆ ಎರಡು ಮೂರು ಹೊಲಗಳಿಗೆ ತಲುಪಬೇಕು.

ಮೊದಲ ಸಲ ನಾವು ಸೋತೆವು. ಆ್ಯಪ್ ಇಂಗ್ಲಿಷಿನಲ್ಲಿತ್ತು, ತುಂಬಬೇಕಾದ ಜಾಗ ಇಪ್ಪತ್ತಿದ್ದವು. ರೈತರು ಮುಟ್ಟಲಿಲ್ಲ. ಕ್ಷೇತ್ರ ಸಿಬ್ಬಂದಿ ವಾರಕ್ಕೊಮ್ಮೆ ಮರದ ಕೆಳಗೆ ಕೂತು ಅಂದಾಜಿನಲ್ಲಿ ತುಂಬಿದರು. ಹಬ್ಬಕ್ಕೆ ಊರಿಗೆ ಬಂದಾಗ ಅಮ್ಮನಿಗೆ ತೋರಿಸಿದೆ. ಅವರು, “ಇಷ್ಟೆಲ್ಲಾ ಯಾರಪ್ಪಾ ಬರೀತಾರೆ? ಔಷ್ದಿ ಡಬ್ಬೀದೊಂದು ಫೋಟೋ ಹೊಡ್ಕೊಂಡ್ರೆ ಸಾಲ್ದಾ?” ಎಂದರು. ಸಾಕಾಗಿತ್ತು. ಡಬ್ಬಿಯ ಫೋಟೋ, ತಾರೀಖು ತಾನೇ ದಾಖಲಾಗುವುದು, ಕನ್ನಡದಲ್ಲಿ ನಾಲ್ಕು ಬಟನ್, ನೆಟ್‌ವರ್ಕ್ ಇಲ್ಲದಿದ್ದರೂ ನಡೆಯುವ ವ್ಯವಸ್ಥೆ, ಇಷ್ಟು ಮಾಡಿದೆವು. ಆಮೇಲೆ ಜನ ಬಳಸಿದರು. ಈಗ ತಪಾಸಣೆಯಲ್ಲಿ ಏನಾದರೂ ಸಿಕ್ಕರೆ ಆ ಡ್ರಮ್ಮುಗಳನ್ನಷ್ಟೇ ತೆಗೆದಿಡುತ್ತಾರೆ, ಉಳಿದವರ ಹಣ ನಿಲ್ಲುವುದಿಲ್ಲ.

ಒಂದು ಮಾತನ್ನು ಮುಚ್ಚಿಡಬಾರದು. ಈ ದಾಖಲೆ ಕಂಪನಿಯ ಕಂಪ್ಯೂಟರಿನಲ್ಲಷ್ಟೇ ಇದ್ದರೆ ಅದು ರೈತನ ಮೇಲೆ ತಪ್ಪು ಹೊರಿಸುವುದಕ್ಕೂ ಬಳಕೆಯಾಗಬಹುದು. ಅದರ ಒಂದು ಪ್ರತಿ ರೈತನ ಕೈಯಲ್ಲಿಯೂ ಇರಬೇಕು. ಶುದ್ಧ ಕಾಯಿ ಕೊಟ್ಟವನು ಅದನ್ನು ತೋರಿಸಿ ಒಳ್ಳೆಯ ದರ ಕೇಳುವಂತಾಗಬೇಕು. ಅದಾಗುವ ತನಕ ನಮ್ಮ ಕೆಲಸ ಅರ್ಧವೇ ಮುಗಿದಂತೆ.

ಇದಕ್ಕೆಲ್ಲ ಬೇಕಾದ ಪಾಠ ನನಗೆ ಸಿಕ್ಕಿದ್ದು ಇದೇ ಶಾಲೆಯ ಪ್ರಯೋಗಾಲಯದಲ್ಲಿ. ಲೋಲಕದ ಪ್ರಯೋಗದಲ್ಲಿ ನಾನು ಪುಸ್ತಕದ ಉತ್ತರ ನೋಡಿ ಅಳತೆ ಬರೆದಿದ್ದೆ. ವಿಜ್ಞಾನದ ಮೇಷ್ಟ್ರು ಆ ಹಾಳೆ ಹರಿದು, “ಬಂದಿದ್ದನ್ನು ಬರಿ, ಬರಬೇಕಾದ್ದನ್ನಲ್ಲ” ಎಂದರು. ಅಂದು ಅತ್ತಿದ್ದೆ. ಇವತ್ತು ಅವರು ಮುಂದಿನ ಸಾಲಿನಲ್ಲಿ ಕೂತಿದ್ದಾರೆ. ಅವರ ಪಾದಕ್ಕೆ ನಮಸ್ಕರಿಸುತ್ತೇನೆ.

ಮಕ್ಕಳೇ, ಇವತ್ತು ಮನೆಗೆ ಹೋದ ಮೇಲೆ ಒಂದು ನೋಟ್‌ಬುಕ್ ತೆಗೆಯಿರಿ. ಅಪ್ಪ ಯಾವ ಹೊಲಕ್ಕೆ, ಯಾವ ದಿನ, ಯಾವ ಔಷಧಿ ಎಷ್ಟು ಹೊಡೆದರು ಎಂದು ಕೇಳಿ, ಹೇಳಿದ್ದನ್ನು ಹಾಗೆಯೇ ಬರೆದಿಡಿ. ಕಂಪ್ಯೂಟರ್ ಆಮೇಲೆ ಬರಲಿ.