ಶಾಲೆಗೊಂದು ಪ್ರಶ್ನೆ: ಯಾರನ್ನು ಕೇಳೋಣ?



ನಮ್ಮ ಕನ್ನಡ ಕಾರ್ಯಕ್ರಮಕ್ಕೆ ಬರುವ ಪತ್ರಗಳಲ್ಲಿ ಹೆಚ್ಚಿನವು ಹಾಡಿನ ಕೋರಿಕೆಗಳು. ಅವುಗಳ ನಡುವೆ ಏಪ್ರಿಲ್‌ನಿಂದ ಆಗಸ್ಟ್‌ವರೆಗೆ ಬೇರೊಂದು ಬಗೆಯ ಪತ್ರಗಳು ಸೇರಿಕೊಳ್ಳುತ್ತವೆ. ಮಗನಿಗೆ ಸೀಟು ಸಿಗಲಿಲ್ಲ, ಫೀಸು ಏಕಾಏಕಿ ಏರಿದೆ, ಮಗಳ ಶಾಲೆಯಲ್ಲಿ ಗಣಿತದ ಮೇಷ್ಟ್ರೇ ಇಲ್ಲ, ಯಾರನ್ನು ಕೇಳಬೇಕು? ಇಂಥ ಪತ್ರಗಳಿಗೆ ನಾವು ಹಾಡು ಹಾಕಲಾಗುವುದಿಲ್ಲ. ಅದಕ್ಕೇ ಈ ವಾರದ ಹದಿನೈದು ನಿಮಿಷ ಆ ಪತ್ರಗಳಿಗೆ ಮೀಸಲು.

ಮೊದಲೇ ಹೇಳಿಬಿಡುತ್ತೇನೆ, ನಾನು ಧಾರವಾಡದಲ್ಲಿ ಕನ್ನಡ ಬಿ.ಎ. ಓದಿದವಳು. ಕಾನೂನು ನನ್ನ ವಿಷಯವಲ್ಲ. ಆದರೆ 2024ರ ಜುಲೈಯಲ್ಲಿ ಒಬ್ಬ ಶ್ರೋತೃವಿನ ಜೊತೆ ಶಿಕ್ಷಣ ಇಲಾಖೆಯ ಕಚೇರಿಗಳ ಮೆಟ್ಟಿಲು ಹತ್ತಿ ಇಳಿದೆ. ಆಗ ಕಲಿತದ್ದನ್ನು ನಿಮ್ಮ ಮುಂದೆ ಇಡುತ್ತಿದ್ದೇನೆ.

ಆಕೆ ವಿಜಯಪುರ ಜಿಲ್ಲೆಯವರು. ಗಂಡ ಇಲ್ಲಿ ಡ್ರೈವರ್. ಮಗಳು ಊರಿನ ಸರ್ಕಾರಿ ಶಾಲೆಯಲ್ಲಿ ಐದನೆಯ ತರಗತಿ ಮುಗಿಸಿ ಬಂದಿದ್ದಳು. ಸ್ಟುಡಿಯೋಗೆ ಫೋನ್ ಬಂದಾಗ ಹಾಡು ಕೇಳಲಿಕ್ಕೆ ಇರಬೇಕು ಅಂದುಕೊಂಡೆ.

"ಅಕ್ಕಾರ, ಮೂರು ಸಲ ಹೋಗಿ ಬಂದೀವ್ರಿ. ಟಿಸಿ ಕನ್ನಡದಾಗ ಐತಿ, ನಮಗ ತಿಳಿಯೂದಿಲ್ಲ ಅಂತಾರ್ರಿ. ಊರಿಗಿ ಹೋಗಿ ಇಂಗ್ಲಿಷಿನ್ಯಾಗ ಬರಸ್ಕೊಂಡ್ ಬರ್ರಿ ಅಂತಾರ. ಹೋಗಿ ಬರಾಕ ವಾರ ಬೇಕು. ರೊಕ್ಕ ಎಲ್ಲಿಂದ ತರೂದ್ರಿ?"

ಇಲ್ಲಿ ಒಂದು ಮಾತು ತಿಳಿದಿರಲಿ. ದೆಹಲಿಯ ಶಾಲಾ ವರ್ಷ ಏಪ್ರಿಲ್ ಒಂದರಿಂದ ಆರಂಭ. ನಮ್ಮ ಕಡೆ ಮೇ ಕೊನೆ, ಜೂನ್. ಊರಿನಲ್ಲಿ ಬೇಸಿಗೆ ರಜೆ ಮುಗಿಸಿ ಬರುವ ಮಗುವಿಗೆ ಇಲ್ಲಿ ಆಗಲೇ ತಡವಾಗಿರುತ್ತದೆ. ಜೊತೆಗೆ, ಇಲ್ಲಿನ ನಗರಸಭೆಯ ಪ್ರಾಥಮಿಕ ಶಾಲೆಗಳಲ್ಲಿ ಐದನೆಯದು ಮುಗಿಸಿದ ಮಕ್ಕಳನ್ನು ಹತ್ತಿರದ ಸರ್ಕಾರಿ ಶಾಲೆಯ ಆರನೆಯದಕ್ಕೆ ಇಲಾಖೆಯೇ ದಾಟಿಸುತ್ತದೆ. ಹೊರಗಿನಿಂದ ಬಂದ ಮಕ್ಕಳದ್ದು 'ನಾನ್‌ಪ್ಲಾನ್ ಅಡ್ಮಿಷನ್'. ಆರರಿಂದ ಒಂಬತ್ತನೆಯ ತರಗತಿವರೆಗೆ ಆನ್‌ಲೈನ್‌ನಲ್ಲಿ ಹೆಸರು ನೋಂದಾಯಿಸಬೇಕು, ಶಾಲೆ ಯಾವುದು ಎಂದು ಪಟ್ಟಿಯಲ್ಲಿ ಬರುತ್ತದೆ, ಆಮೇಲೆ ಕಾಗದಪತ್ರ ತೋರಿಸಬೇಕು. ಈ ಹುಡುಗಿಯ ಹೆಸರು ಪಟ್ಟಿಯಲ್ಲಿ ಬಂದಿತ್ತು. ಸಿಕ್ಕಿಕೊಂಡದ್ದು ಕೊನೆಯ ಮೇಜಿನ ಮುಂದೆ.

ಮರುದಿನ ಅವರ ಜೊತೆ ಶಾಲೆಗೆ ಹೋದೆ. ಗುಮಾಸ್ತರು ಕೆಟ್ಟ ಮನುಷ್ಯರೇನಲ್ಲ. ಟಿಸಿ ಎತ್ತಿ ಹಿಡಿದು, "ಇದು ಅಕ್ಷರವಲ್ಲ ಮೇಡಂ, ಜಿಲೇಬಿ" ಎಂದು ಹಿಂದಿಯಲ್ಲಿ ನಕ್ಕರು. ನಾನೂ ನಕ್ಕೆ. ಯಾಕೆ ನಕ್ಕೆನೋ, ಈಗಲೂ ಬೇಸರವಿದೆ. ಪಕ್ಕದಲ್ಲಿ ಹುಡುಗಿ ನಿಂತಿದ್ದಳು. ಹೆಸರು, ತಂದೆಯ ಹೆಸರು, ಹುಟ್ಟಿದ ತಾರೀಖು ಅಂಕಿಯಲ್ಲಿ ಮತ್ತು ಅಕ್ಷರದಲ್ಲಿ, ಐದನೆಯ ತರಗತಿ ತೇರ್ಗಡೆ, ಮುಖ್ಯೋಪಾಧ್ಯಾಯರ ಸಹಿ, ಮೊಹರು, ಎಲ್ಲವನ್ನೂ ಒಂದೊಂದಾಗಿ ಹಿಂದಿಯಲ್ಲಿ ಓದಿ ಹೇಳಿದೆ. ಅವರು ತಾಳ್ಮೆಯಿಂದ ಕೇಳಿ, "ಸರಿ ಇರಬಹುದು. ಮೇಲಿನಿಂದ ಒಂದು ಚೀಟಿ ತನ್ನಿ" ಅಂದರು.

ಮೇಲಿನಿಂದ ಅಂದರೆ ಎಲ್ಲಿಂದ?

ದೆಹಲಿ ಸರ್ಕಾರದ ಶಿಕ್ಷಣ ನಿರ್ದೇಶನಾಲಯದ ಮುಖ್ಯ ಕಚೇರಿ ಹಳೆ ಸೆಕ್ರೆಟೇರಿಯಟ್‌ನಲ್ಲಿದೆ. ಅದರ ಕೆಳಗೆ ಜಿಲ್ಲೆಗಳು, ಜಿಲ್ಲೆಗಳ ಕೆಳಗೆ ನಂಬರ್ ಕೊಟ್ಟ ವಲಯಗಳು, ಅಂದರೆ ಜೋನ್‌ಗಳು. ಜಿಲ್ಲೆಗೊಬ್ಬರು ಉಪ ಶಿಕ್ಷಣ ನಿರ್ದೇಶಕರು. ನಮ್ಮ ಕಡೆಯ ಬಿಇಒ, ಡಿಡಿಪಿಐ ಇದ್ದ ಹಾಗೆ ಎಂದುಕೊಳ್ಳಿ. ನಿಮ್ಮ ಮಗುವಿನ ಶಾಲೆ ಯಾವ ಜೋನ್‌ನಲ್ಲಿದೆ ಎಂಬುದನ್ನು ಶಾಲೆಯಲ್ಲೇ ಕೇಳಿ ಬರೆದಿಟ್ಟುಕೊಳ್ಳಿ. ಪ್ರಶ್ನೆ ಅರ್ಧ ದಾರಿ ಸವೆಸುವುದು ಅಲ್ಲಿಂದ.

ನಾವು ಜೋನ್ ಕಚೇರಿಗೆ ಹೋದೆವು. ಅಲ್ಲಿ, "ಇದು ಜಿಲ್ಲೆಯ ವಿಷಯ" ಎಂಬ ಉತ್ತರ. ಅಲ್ಲಿಗೆ ಒಂದು ದಿನ ಕಳೆಯಿತು. ಆಕೆಗೆ ಮನೆಗೆಲಸದ ಸಂಬಳದಲ್ಲಿ ಕಡಿತ. ಮೆಟ್ರೋದಲ್ಲಿ ವಾಪಸ್ ಬರುವಾಗ ಹೇಳಿದರು: "ನಮ್ಮೂರಾಗಾದ್ರ ಎಸ್‌ಡಿಎಂಸಿ ಅಧ್ಯಕ್ಷರ ಮನಿಗೇ ಹೋಗ್ತಿದ್ವಿ. ಇಲ್ಲಿ ಯಾರ ಮನಿಗಿ ಹೋಗೂದ್ರಿ?"

ಅದು ನಿಜವಾದ ಮಾತು. ರಾಜಾ ರಾಮಣ್ಣನವರ ನೇತೃತ್ವದ ಕಾರ್ಯಪಡೆ ಸಲಹೆ ಮಾಡಿದ ಮೇಲೆ 2001ರಲ್ಲಿ ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ ಎಸ್‌ಡಿಎಂಸಿಗಳು ಬಂದವು. ಅವುಗಳ ಬಗ್ಗೆ ದೂರುಗಳು ಬೇಕಾದಷ್ಟಿವೆ, ರಾಜಕೀಯವೂ ಹೊಕ್ಕಿದೆ. ಆದರೂ ಪ್ರಶ್ನೆ ಕೇಳಲಿಕ್ಕೆ ಊರಿನಲ್ಲಿ ಗುರುತಿನ ಮುಖವೊಂದಿದೆ. ಕಟ್ಟೆಯ ಮೇಲೆ ಕೂತೇ ಕೇಳಬಹುದು. ದೆಹಲಿಯಲ್ಲಿ ಕಟ್ಟೆ ಇಲ್ಲ, ಕೌಂಟರ್ ಇದೆ.

ಎರಡು ದಿನ ಬಿಟ್ಟು ಜಿಲ್ಲಾ ಕಚೇರಿಗೆ ಹೋದೆವು, ಅಧಿಕಾರಿಗಳು ಸಾರ್ವಜನಿಕರನ್ನು ನೋಡುವ ಹೊತ್ತಿಗೆ. ಉದ್ದನೆಯ ಬೆಂಚು. ಬಿಹಾರದಿಂದ ಬಂದ ಒಬ್ಬರ ಮಗನ ಟಿಸಿ ರೈಲಿನಲ್ಲಿ ಕಳೆದಿತ್ತು. ಒಬ್ಬ ಅಜ್ಜಿಯ ಮೊಮ್ಮಗನ ಹೆಸರು ಆಧಾರ್‌ನಲ್ಲಿ ಒಂದು ಥರ, ಜನನ ಪತ್ರದಲ್ಲಿ ಇನ್ನೊಂದು ಥರ. ಇನ್ನೊಬ್ಬ ತಂದೆಗೆ ಖಾಸಗಿ ಶಾಲೆಯ ಶೇಕಡಾ 25ರ ಸೀಟು ಲಾಟರಿಯಲ್ಲಿ ಬಂದಿದ್ದರೂ ಶಾಲೆಯ ಗೇಟು ತೆರೆದಿರಲಿಲ್ಲ. ಒಬ್ಬೊಬ್ಬರೂ ಒಳಗೆ ಹೋಗಿ ತಮ್ಮ ಉತ್ತರವನ್ನು ಜೇಬಿನಲ್ಲಿಟ್ಟುಕೊಂಡು ಹೊರಡುತ್ತಿದ್ದರು. ಒಬ್ಬರಿಗೆ ಸಿಕ್ಕ ಉತ್ತರ ಅದೇ ಬೆಂಚಿನಲ್ಲಿದ್ದ ಇನ್ನಿಬ್ಬರಿಗೂ ಬೇಕಾಗಿತ್ತು. ಇಲಾಖೆ ಉತ್ತರ ಕೊಡುವುದಿಲ್ಲ ಎಂಬುದಕ್ಕಿಂತ, ಕೊಟ್ಟ ಉತ್ತರವನ್ನು ಗೋಡೆಯ ಮೇಲೆ ಹಚ್ಚುವುದಿಲ್ಲ ಎಂಬುದೇ ನನ್ನ ದೊಡ್ಡ ದೂರು. ನಾಳೆ ಬರುವವರು ಮತ್ತೆ ಅದೇ ಪ್ರಶ್ನೆಯೊಂದಿಗೆ ಅದೇ ಬೆಂಚಿನಲ್ಲಿ ಕೂರುತ್ತಾರೆ.

ಒಳಗೆ ಹೋಗುವ ಮುನ್ನ ಸ್ವೀಕೃತಿ ಕೌಂಟರಿನಲ್ಲಿದ್ದ ವಯಸ್ಸಾದ ನೌಕರರೊಬ್ಬರು ನಮ್ಮನ್ನು ಕರೆದರು. ಬರೆದು ತಂದಿದ್ದೀರಾ ಎಂದು ಕೇಳಿದರು. ಇಲ್ಲವೆಂದೆವು. "ಬಾಯಲ್ಲಿ ಕೇಳಿದರೆ ಬಾಯಲ್ಲೇ ಉತ್ತರ. ಒಂದು ಹಾಳೆಯಲ್ಲಿ ಬರೆಯಿರಿ, ಎರಡು ಪ್ರತಿ ಮಾಡಿ, ಒಂದರ ಮೇಲೆ ರಿಸೀವಿಂಗ್ ತಗೊಳ್ಳಿ" ಅಂದರು. ಅಲ್ಲೇ ಗೋಡೆಗೆ ಕಾಗದ ಒತ್ತಿ ಹಿಂದಿಯಲ್ಲಿ ಬರೆದೆ. ಆಕೆ ಕನ್ನಡದಲ್ಲಿ ಸಹಿ ಮಾಡಿದರು. ಅವರು ಮೊಹರು ಒತ್ತಿ ಡೈರಿ ನಂಬರ್ ಹಾಕಿದರು. ದೆಹಲಿಯ ಸರ್ಕಾರಿ ಕಚೇರಿಗಳಲ್ಲಿ ಡೈರಿ ನಂಬರ್ ಇಲ್ಲದ ಕಾಗದ ಗಾಳಿಗೆ ಹಾರಿಹೋದ ಕಾಗದ. ನಂಬರ್ ಬಿದ್ದ ಮೇಲೆ ಯಾರಾದರೊಬ್ಬರು ಅದಕ್ಕೆ ಜವಾಬು ಹೇಳಲೇಬೇಕು.

ಅಧಿಕಾರಿಗಳು ಓದಿದರು. ಎರಡು ನಿಮಿಷವೂ ಹಿಡಿಯಲಿಲ್ಲ. 2010ರ ಏಪ್ರಿಲ್ ಒಂದರಂದು ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯಿದೆಯ ಐದನೆಯ ಕಲಂ ಅನ್ನು ಅವರೇ ನಮಗೆ ವಿವರಿಸಿದರು. ಎಂಟನೆಯ ತರಗತಿಯವರೆಗಿನ ಮಗು ರಾಜ್ಯದ ಒಳಗಾಗಲಿ, ಹೊರಗಾಗಲಿ, ಯಾವ ಕಾರಣಕ್ಕೇ ಆಗಲಿ ಬೇರೆ ಸರ್ಕಾರಿ ಅಥವಾ ಅನುದಾನಿತ ಶಾಲೆಗೆ ವರ್ಗ ಕೇಳಬಹುದು. ಟಿಸಿ ತರುವುದು ತಡವಾಯಿತೆಂದು ಪ್ರವೇಶ ತಡೆಯುವಂತಿಲ್ಲ. ಹಾಗೆಯೇ ಹದಿನಾಲ್ಕನೆಯ ಕಲಂ ಪ್ರಕಾರ ವಯಸ್ಸಿನ ದಾಖಲೆ ಇಲ್ಲವೆಂದು ಮಗುವನ್ನು ಹಿಂದಕ್ಕೆ ಕಳಿಸುವಂತಿಲ್ಲ. ಟಿಸಿ ಇಲ್ಲದ ಮಗುವನ್ನೇ ನಿಲ್ಲಿಸುವಂತಿಲ್ಲ ಅಂದಮೇಲೆ, ಟಿಸಿ ಕೈಯಲ್ಲೇ ಇರುವ ಮಗುವನ್ನು ಲಿಪಿಯ ಕಾರಣಕ್ಕೆ ನಿಲ್ಲಿಸುವುದು ಹೇಗೆ? ಶಾಲೆಗೆ ಫೋನ್ ಮಾಡಿದರು. ಅನುವಾದವನ್ನು ಪೋಷಕರೇ ಬರೆದು ಸಹಿ ಮಾಡಿಕೊಡಲಿ, ಮಗು ನಾಳೆಯಿಂದ ಕೂರಲಿ ಎಂದರು.

ನಾನು ಧನ್ಯವಾದ ಹೇಳಿ ಎದ್ದೆ. ಆಕೆ ಏಳಲಿಲ್ಲ.

"ಸಾಹೇಬ್ರ, ಇನ್ನೊಂದ್ ಕೇಳೂದೈತ್ರಿ. ನನ್ನ ಮಗಳಿಗಿ ಹಿಂದಿ ಬರೂದಿಲ್ಲ. ಇಲ್ಲಿ ಎಲ್ಲಾ ಹಿಂದ್ಯಾಗ ಹೇಳ್ತಾರ. ಆಕಿ ಹ್ಯಾಂಗ ಕಲೀಬೇಕ್ರಿ?"

ನಾನು ಅನುವಾದಿಸಿದೆ. ಮಾತೃಭಾಷೆಯ ಶಿಕ್ಷಣದ ಮಾತು ಆ ಕಾಯಿದೆಯ ಇಪ್ಪತ್ತೊಂಬತ್ತನೆಯ ಕಲಂನಲ್ಲಿದೆ, 'ಸಾಧ್ಯವಾದಷ್ಟು ಮಟ್ಟಿಗೆ' ಎಂಬ ಷರತ್ತಿನ ಸಮೇತ. ಲೋಧಿ ಎಸ್ಟೇಟಿನಲ್ಲಿ ನಮ್ಮ ದೆಹಲಿ ಕನ್ನಡ ಶಾಲೆ ಇದೆಯಲ್ಲ ಎಂದು ನೀವು ಕೇಳಬಹುದು. ಇದೆ, ಅದು ನಮ್ಮ ಹೆಮ್ಮೆ. ಆದರೆ ಈ ಕುಟುಂಬದ ಬಾಡಿಗೆ ಕೋಣೆ ಊರಿನ ಇನ್ನೊಂದು ತುದಿಯಲ್ಲಿ. ಹನ್ನೊಂದು ವರ್ಷದ ಹುಡುಗಿ ಎರಡು ಬಸ್ಸು ಬದಲಾಯಿಸಿ ದಿನವೂ ಹೋಗಿ ಬರಲಾರಳು.

ಅಧಿಕಾರಿಗಳು ಕನ್ನಡಕ ತೆಗೆದು ಒರೆಸಿಕೊಂಡರು. "ಇದಕ್ಕೆ ನನ್ನ ಬಳಿ ಉತ್ತರವಿಲ್ಲ. ಇದನ್ನೂ ಬರೆದುಕೊಡಿ" ಅಂದರು. ಆ ಪ್ರಾಮಾಣಿಕತೆಗೆ ನಾನು ಈಗಲೂ ತಲೆಬಾಗುತ್ತೇನೆ. ಬರೆದುಕೊಟ್ಟೆವು. ಅದಕ್ಕೂ ಒಂದು ಡೈರಿ ನಂಬರ್.

ಶಾಲೆ ಶುರುವಾಗಿ ಇಪ್ಪತ್ತಮೂರನೆಯ ದಿನ ಹುಡುಗಿ ತರಗತಿಯಲ್ಲಿ ಕೂತಳು. ಆ ಇಪ್ಪತ್ತಮೂರು ದಿನ ಯಾರೂ ಹಿಂದಿರುಗಿಸಲಾರರು.

ಇನ್ನು ಉಳಿದ ಪತ್ರಗಳಿಗೆ ಬರೋಣ. ಶಾಲೆ ಯಾರದ್ದು ಎಂಬುದು ಮೊದಲ ಪ್ರಶ್ನೆ. ಒಂದರಿಂದ ಐದರವರೆಗಿನ ಮಗು ದೆಹಲಿ ನಗರಸಭೆಯ, ಅಂದರೆ ಎಂಸಿಡಿಯ ಶಾಲೆಯಲ್ಲಿದ್ದರೆ ಶಿಕ್ಷಣ ನಿರ್ದೇಶನಾಲಯದ ಜಿಲ್ಲಾ ಕಚೇರಿಗೆ ಹೋಗಿ ಪ್ರಯೋಜನವಿಲ್ಲ, ಎಂಸಿಡಿಯ ವಲಯ ಕಚೇರಿಗೇ ಹೋಗಬೇಕು. 2012ರಲ್ಲಿ ಮೂರಾಗಿ ಒಡೆದಿದ್ದ ಎಂಸಿಡಿ 2022ರಲ್ಲಿ ಮತ್ತೆ ಒಂದಾಗಿದೆ. ಹಾಗಾಗಿ ಹಳೆಯ ವಿಳಾಸ ಹಿಡಿದು ಅಲೆಯಬೇಡಿ. ಎನ್‌ಡಿಎಂಸಿ ಮತ್ತು ಕಂಟೋನ್ಮೆಂಟ್ ಪ್ರದೇಶಗಳದ್ದು ಬೇರೆ. ನೊಯ್ಡಾದವರು ಉತ್ತರ ಪ್ರದೇಶದ ಗೌತಮ ಬುದ್ಧ ನಗರ ಜಿಲ್ಲೆಯವರು. ಎಂಟನೆಯ ತರಗತಿವರೆಗೆ ಬೇಸಿಕ್ ಶಿಕ್ಷಾ ಅಧಿಕಾರಿ, ಮೇಲಿನದಕ್ಕೆ ಜಿಲ್ಲಾ ವಿದ್ಯಾಲಯ ನಿರೀಕ್ಷಕ. ಗುರುಗ್ರಾಮ, ಫರೀದಾಬಾದ್‌ನವರಿಗೆ ಹರಿಯಾಣದ ಜಿಲ್ಲಾ ಶಿಕ್ಷಣಾಧಿಕಾರಿ. ಮೆಟ್ರೋ ಒಂದೇ ಆದರೂ ಸರ್ಕಾರ ಮೂರು.

ಫೀಸಿನ ಪ್ರಶ್ನೆಗೂ ಹಾಗೆಯೇ. ಉತ್ತರ ಪ್ರದೇಶದಲ್ಲಿ 2018ರ ಕಾಯಿದೆಯಂತೆ ಜಿಲ್ಲೆಗೊಂದು ಶುಲ್ಕ ನಿಯಂತ್ರಣ ಸಮಿತಿ. ದೆಹಲಿ ವಿಧಾನಸಭೆ 2025ರ ಆಗಸ್ಟ್‌ನಲ್ಲಿ ಒಂದು ಶುಲ್ಕ ಕಾಯಿದೆಗೆ ಒಪ್ಪಿಗೆ ಕೊಟ್ಟಿತು. ಪ್ರತಿ ಖಾಸಗಿ ಶಾಲೆಯಲ್ಲೂ ಶುಲ್ಕ ಸಮಿತಿ, ಅದರಲ್ಲಿ ಲಾಟರಿ ಎತ್ತಿ ಆರಿಸಿದ ಪೋಷಕರು, ಮೇಲ್ಮನವಿಗೆ ಜಿಲ್ಲಾ ಸಮಿತಿ ಎಂಬುದು ಅದರ ವ್ಯವಸ್ಥೆ. ಒಬ್ಬೊಬ್ಬರೇ ಹೋಗಿ ಬಾಗಿಲು ತಟ್ಟುವುದಕ್ಕಿಂತ ಶಾಲೆಯ ಇತರ ಪೋಷಕರ ಜೊತೆ ಸೇರಿಕೊಂಡು ಹೋಗಿ.

ಬರೆದುಕೊಟ್ಟರೂ ಉತ್ತರ ಬಾರದಿದ್ದರೆ? ಶಿಕ್ಷಣ ಹಕ್ಕು ಕಾಯಿದೆಯ ಮೂವತ್ತೆರಡನೆಯ ಕಲಂ ಪ್ರಕಾರ ಸ್ಥಳೀಯ ಪ್ರಾಧಿಕಾರ ದೂರನ್ನು ಮೂರು ತಿಂಗಳೊಳಗೆ ತೀರ್ಮಾನಿಸಬೇಕು. ಕಡತದಲ್ಲಿ ಏನಾಗಿದೆ ಎಂದು ತಿಳಿಯಲು ಮಾಹಿತಿ ಹಕ್ಕು ಇದೆ. ಇಡೀ ದೇಶಕ್ಕೆ ಈ ಕಾಯಿದೆ 2005ರಲ್ಲಿ ಬರುವ ಮೊದಲೇ ಕರ್ನಾಟಕ 2000ದಲ್ಲಿ, ದೆಹಲಿ 2001ರಲ್ಲಿ ತಮ್ಮದೇ ಮಾಹಿತಿ ಹಕ್ಕು ಕಾಯಿದೆ ಮಾಡಿದ್ದವು. ಹತ್ತು ರೂಪಾಯಿ, ಮೂವತ್ತು ದಿನ. ಇಲ್ಲಿ ಅರ್ಜಿಯನ್ನು ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ಬರೆಯಬಹುದು. ಬರೆಯಲು ಬಾರದವರು ಬಾಯಲ್ಲಿ ಹೇಳಿದ್ದನ್ನು ಬರಹಕ್ಕಿಳಿಸಲು ಮಾಹಿತಿ ಅಧಿಕಾರಿಯೇ ನೆರವಾಗಬೇಕು ಎಂದು ಕಾಯಿದೆ ಹೇಳುತ್ತದೆ. ನಾಚಿಕೊಳ್ಳಬೇಡಿ, ಕೇಳಿ.

ನಾಚಿಕೆಯ ಮಾತು ಬಂದದ್ದರಿಂದ ಇನ್ನೊಂದು ಹೇಳುತ್ತೇನೆ. ಯಕ್ಷಗಾನವಿದ್ದ ದಿನ ದೆಹಲಿ ಕರ್ನಾಟಕ ಸಂಘದ ಸಭಾಂಗಣದಲ್ಲಿ ಕೂರಲು ಜಾಗ ಸಿಗುವುದಿಲ್ಲ. ಶಾಲೆಯ ಸಭೆಗಳಲ್ಲಿ ಮಾತ್ರ ನಾವು ಹಿಂದಿನ ಸಾಲಿನಲ್ಲಿ, ಹಿಂದಿ ಸರಿಯಾಗಿ ಬಾರದೆಂಬ ಅಳುಕಿನಲ್ಲಿ. 2016ರ ಜುಲೈ 30ರಂದು ದೆಹಲಿಯ ಸರ್ಕಾರಿ ಶಾಲೆಗಳಲ್ಲೆಲ್ಲ ಒಂದೇ ದಿನ ಪೋಷಕರ ಮಹಾಸಭೆ ನಡೆದಾಗ ನನ್ನ ಪಕ್ಕದ ಮನೆಯ ಕನ್ನಡದವರು, "ನಾವು ಹೋಗಿ ಏನು ಕೇಳೋದು?" ಎಂದು ಮನೆಯಲ್ಲೇ ಉಳಿದರು. ಈ ಶಾಲೆಗಳ ನಿರ್ವಹಣಾ ಸಮಿತಿಯ ಹದಿನಾರು ಸ್ಥಾನಗಳಲ್ಲಿ ಹನ್ನೆರಡು ಪೋಷಕರದ್ದು. ಸದಸ್ಯರಲ್ಲಿ ಅರ್ಧದಷ್ಟು ಮಹಿಳೆಯರಿರಬೇಕು.

ವಿಜಯಪುರದ ನಮ್ಮ ಶ್ರೋತೃಗೆ ಎರಡನೆಯ ಡೈರಿ ನಂಬರಿನ ಉತ್ತರ ಅಕ್ಟೋಬರ್‌ನಲ್ಲಿ ಬಂತು. ಒಂದೇ ಸಾಲು: ತರಗತಿ ಶಿಕ್ಷಕರು ಮಗುವಿನ ಕಡೆ ವಿಶೇಷ ಗಮನ ಕೊಡಲು ಸೂಚಿಸಲಾಗಿದೆ. ಆಕೆ ಅದನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಟಿಸಿಯ ಜೊತೆ ಇಟ್ಟುಕೊಂಡರು. ಮುಂದಿನ ಪೋಷಕರ ಸಭೆಗೆ ಅದನ್ನು ಹಿಡಿದುಕೊಂಡೇ ಹೋಗಿ, ಯಾವ ವಿಶೇಷ ಗಮನ, ವಾರಕ್ಕೆ ಎಷ್ಟು ಹೊತ್ತು ಎಂದು ತಮ್ಮ ಅರೆಬರೆ ಹಿಂದಿಯಲ್ಲಿ ಕೇಳಿದರಂತೆ. ಶಿಕ್ಷಕಿ ಶನಿವಾರ ಅರ್ಧ ಗಂಟೆ ಎಂದರಂತೆ. ಈಗಲೂ ಅದು ನಡೆಯುತ್ತಿದೆ, ಕೆಲವು ಶನಿವಾರ ತಪ್ಪುತ್ತದೆ. ತಪ್ಪಿದ ವಾರ ನನಗೆ ಫೋನ್ ಬರುತ್ತದೆ.

ನಿಮ್ಮಲ್ಲಿ ಯಾರ ಬಳಿಯಾದರೂ ಕನ್ನಡದ ಟಿಸಿ ಹಿಡಿದು ಅಲೆಯುವ ಪರಿಸ್ಥಿತಿ ಇದ್ದರೆ ನಮ್ಮ ಕಾರ್ಯಕ್ರಮದ ವಿಳಾಸಕ್ಕೆ ಬರೆಯಿರಿ. ಅನುವಾದ ಮಾಡಿಕೊಡಲು ನಾನಿದ್ದೇನೆ, ನನ್ನ ಇಬ್ಬರು ಸಹೋದ್ಯೋಗಿಗಳಿದ್ದಾರೆ. ಬರುವಾಗ ಎರಡು ಪ್ರತಿ ತನ್ನಿ.

ಮುಂದಿನ ವಾರ ನಿಮ್ಮ ಮೆಚ್ಚಿನ ಗೀತೆಗಳೊಂದಿಗೆ ಮತ್ತೆ ಭೇಟಿ.