ಭೋಗಿಯ ಪೇಟೆ

(ಸಂಸ್ಥೆಯ ವಾರ್ಷಿಕ ಸಮ್ಮೇಳನದಲ್ಲಿ ಮುಖ್ಯಾಧ್ಯಾಪಕರು ಮಾಡಿದ ಭಾಷಣ)



ಶಾಲೆಯ ವರದಿಯನ್ನು ತಾವು ಈಗಾಗಲೇ ಆಲಿಸಿರುವಿರಿ. ಅದರ ಅಂಕಿಗಳನ್ನು ಮತ್ತೆ ಒಪ್ಪಿಸದೆ, ಈ ಸಲದ ಭೋಗಿಯ ಮುನ್ನಾದಿನ ಸೊಲ್ಲಾಪುರದ ಪೇಟೆಯಲ್ಲಿ ನಾವು ಕಂಡುದನ್ನು ತಮ್ಮ ಮುಂದಿಡಬಯಸುತ್ತೇವೆ.

ಎಳ್ಳು ಕೊಳ್ಳಲೆಂದು ಹೋದ ನಾವು ಜನಸಂದಣಿಗೆ ಸಿಕ್ಕಿ, ಅಂಗಡಿಯೊಂದರ ಮೆಟ್ಟಿಲ ಮೇಲೆ ಬಹಳ ಹೊತ್ತು ನಿಲ್ಲಬೇಕಾಯಿತು. ಹಸಿಕಡಲೆಯ ಕಟ್ಟು, ಅವರೆ, ಗಜ್ಜರಿ, ಕಬ್ಬು, ಬಾರಿಹಣ್ಣು, ಕುಸುರೆಳ್ಳುಗಳ ರಾಶಿ ಎಲ್ಲೆಡೆಯೂ ಇದ್ದಿತು. ಗೃಹಿಣಿಯೊಬ್ಬಳು ಅರಿಷಿಣ-ಕುಂಕುಮದ ಸಮಾರಂಭದಲ್ಲಿ ಹಂಚಲು ಸಣ್ಣ ಬಟ್ಟಲುಗಳನ್ನು ಆರಿಸುತ್ತಿದ್ದಳು. ಬೆರಳ ಗೆಣ್ಣುಗಳ ಮೇಲೆ ಅವಳು ಎಣಿಸುತ್ತಿದ್ದುದು ಅಂಕೆಗಳನ್ನಲ್ಲ, ನೆರೆಹೊರೆಯವರ ಹೆಸರುಗಳನ್ನು. ಹಳ್ಳಿಯ ರೈತನೊಬ್ಬನು ಲಂಗವೊಂದನ್ನು ತನ್ನ ಸೊಂಟಕ್ಕೆ ಹಿಡಿದು, ‘ನನ್ನ ಮಗಳು ಇಲ್ಲೀತನಾ ಬರತಾಳ್ರೀ’ ಎಂದು ಅಳತೆ ಹೇಳುತ್ತಿದ್ದನು.

ಮಹಾಜನರೇ, ಆ ಪೇಟೆಯಲ್ಲಿ ಮರಾಠಿ, ತೆಲುಗು, ದಖನಿ ಉರ್ದು, ಕನ್ನಡ ಎಲ್ಲವೂ ಕಿವಿಗೆ ಬೀಳುತ್ತವೆ. ಆದರೆ ಮರಾಠಿಯಲ್ಲಿ ಚೌಕಾಶಿ ಮಾಡಿದ ಎಷ್ಟೋ ಮಂದಿ ಚೀಲಕ್ಕೆ ಕೈ ಹಾಕುವ ಮುನ್ನ, ಕೊಳ್ಳಲೋ ಬೇಡವೋ ಎಂದು ತಮ್ಮೊಳಗೇ ಗೊಣಗಿಕೊಂಡುದು ಕನ್ನಡದಲ್ಲಿ. ಇದರಲ್ಲಿ ಆಶ್ಚರ್ಯವಿಲ್ಲ. ಹನ್ನೆರಡನೆಯ ಶತಮಾನದಲ್ಲಿ ಕನ್ನಡ ವಚನಗಳನ್ನು ರಚಿಸಿದ ಸಿದ್ಧರಾಮನ ಸೊನ್ನಲಿಗೆಯಿದು. ಅವನ ಜಾತ್ರೆಯಲ್ಲಿ 68 ಲಿಂಗಗಳಿಗೆ ನಡೆಯುವ ಅಭಿಷೇಕವನ್ನು ಮರಾಠಿಗರೂ ‘ಯಣ್ಣಿಮಜ್ಜನ’ವೆಂದೇ ಕರೆಯುತ್ತಾರೆ, ಅದು ನಮ್ಮ ಎಣ್ಣೆಮಜ್ಜನವೇ. 1956ರಲ್ಲಿ ವಿಜಾಪುರವು ಮೈಸೂರು ರಾಜ್ಯವನ್ನು ಸೇರಿತು. ಸೊಲ್ಲಾಪುರವು ಮುಂಬಯಿ ರಾಜ್ಯದಲ್ಲಿ ಉಳಿದು, 1960ರಲ್ಲಿ ಮಹಾರಾಷ್ಟ್ರದ್ದಾಯಿತು. ಜನರ ಮಾತು ಮಾತ್ರ ಗಡಿಗೆರೆಯನ್ನು ಕೇಳಿ ಹುಟ್ಟಿದುದಲ್ಲ.

ಆಗಲೇ ನಮ್ಮ ಶಾಲೆಯ ಹುಡುಗನೊಬ್ಬನು ತಾಯಿಯೊಡನೆ ಅಲ್ಲಿಗೆ ಬಂದನು. ಆಕೆ ಮಣ್ಣಿನ ಗಡಿಗೆಯೊಂದನ್ನು ಬಡಿದು ನೋಡಿ, ತುಂಬುಗಂಠದಿಂದ ಕನ್ನಡದಲ್ಲಿ ಚೌಕಾಶಿಗೆ ತೊಡಗಿದಳು. ಹುಡುಗನು ಸೆರಗೆಳೆದು, ‘ಅವ್ವಾ, ಸಣ್ಣದನೀಲೆ ಮಾತಾಡ, ಮಂದಿ ನೋಡತಾರ’ ಎಂದನು. ತಾಯಿ ಸುಮ್ಮನಾದಳು. ಮಾರುವವನು ಕೇಳಿದಷ್ಟು ಹಣವನ್ನು ಮರುಮಾತಿಲ್ಲದೆ ಕೊಟ್ಟು, ಗಡಿಗೆಯನ್ನು ಎತ್ತಿಕೊಂಡು ನಡೆದಳು.

ನಮಗೆ ಸಿಟ್ಟು ಬಂದಿತು. ಹಬ್ಬ ಮುಗಿಯುತ್ತಲೇ ಹುಡುಗನನ್ನು ಕರೆಸಿ ಬುದ್ಧಿ ಹೇಳಬೇಕೆಂದು ನಿಶ್ಚಯಿಸಿದೆವು. ಅಷ್ಟರಲ್ಲಿ ನಮ್ಮ ಸರದಿ ಬಂದುದರಿಂದ, ‘ತೀಳ ಕಸೇ ದಿಲೇ?’ ಎಂದು ಎಳ್ಳಿನ ಬೆಲೆ ಕೇಳಿದೆವು. ಆಗತಾನೆ ಮಗನೊಡನೆ ತೆಲುಗಿನಲ್ಲಿ ಮಾತನಾಡುತ್ತಿದ್ದ ವ್ಯಾಪಾರಿಯು ನಮ್ಮ ಮುಖ ನೋಡಿ ನಕ್ಕು, ‘ಕನ್ನಡ ಸಾಲಿ ಸರ್ ಅಲ್ಲೇನ್ರೀ ನೀವು? ಹೊಸಾ ಎಳ್ಳು ಅದಾವ, ಎಷ್ಟು ಕಟ್ಟಲಿ?’ ಎಂದನು.

ಮಹಾಜನರೇ, ನಾವು ಆ ಹುಡುಗನನ್ನು ಕರೆಸಲಿಲ್ಲ. ತರಗತಿಯಲ್ಲಿ ಕನ್ನಡವನ್ನು ಹೊಗಳಿ, ಪೇಟೆಯಲ್ಲಿ ಅದನ್ನು ಅಡಗಿಸುವ ಪಾಠವನ್ನು ಅವನು ನಮ್ಮಂಥವರಿಂದಲೇ ಕಲಿತಿರಬೇಕು.

ಮರಾಠಿಯನ್ನು ನಮ್ಮ ಮಕ್ಕಳು ಚೆನ್ನಾಗಿ ಕಲಿಯಲಿ. ಅದು ನೆರೆಯವರ ನುಡಿ, ಅನ್ನದ ನುಡಿ. ಆದರೆ ನಾಲ್ಕು ನುಡಿ ಬಲ್ಲ ಆ ವ್ಯಾಪಾರಿಗೆ ಯಾವುದೊಂದರ ವಿಷಯದಲ್ಲೂ ನಾಚಿಕೆಯಿರಲಿಲ್ಲ; ನಮಗೆ ನಮ್ಮದೊಂದರಲ್ಲಿಯೇ ನಾಚಿಕೆ. ಎಳ್ಳುಬೆಲ್ಲ ಹಂಚಿ ಒಳ್ಳೆಯ ಮಾತಾಡೆಂದು ನಾವೂ ಹೇಳುತ್ತೇವೆ, ಮರಾಠಿ ಬಂಧುಗಳೂ ಹೇಳುತ್ತಾರೆ. ಒಳ್ಳೆಯ ಮಾತನ್ನು ಪಿಸುಗುಟ್ಟಬೇಕೆಂದು ಯಾರೂ ಹೇಳಿಲ್ಲ.

ಬರುವ ಹಬ್ಬಕ್ಕೆ ಮಕ್ಕಳ ಕೈಹಿಡಿದು ಪೇಟೆಗೆ ಹೋಗಿರಿ; ಬೆಲೆಯನ್ನು ಮೊದಲು ಕನ್ನಡದಲ್ಲಿ ಕೇಳಿರಿ. ಉತ್ತರ ಬಾರದಿದ್ದರೆ ಮರಾಠಿ ಇದ್ದೇ ಇದೆ. ನಾವೂ ಹಾಗೆಯೇ ಕೇಳುತ್ತೇವೆಂದು ಈ ಸಭೆಗೆ ಮಾತು ಕೊಟ್ಟು ವಿರಮಿಸುತ್ತೇವೆ.