ಕಪ್ಪು ಪರದೆಗೆ ಹೆದರದಿರಿ ಕನ್ನಡಿಗರೇ!

(ಚಿತ್ರದುರ್ಗದ ಯುವಜನರ ಸಭೆಯಲ್ಲಿ ಮುದ್ರಣಾಲಯದ ಮಾಲೀಕರೊಬ್ಬರು ಆಡಿದ ಮಾತು)

ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯಿಂದ ಬಸ್ಸು ಹಿಡಿದು ಬಂದಿರುವ ತಮ್ಮಂದಿರೇ, ತಂಗಿಯರೇ,

ನಾನು ಓದಿದ್ದು ಪಿಯುಸಿ. ಹೊಟ್ಟೆಪಾಡು ಪ್ರೆಸ್ಸು. ಇವನೇನು ಲಿನಕ್ಸ್ ಪಾಠ ಹೇಳುತ್ತಾನೆ ಅಂತ ನಗಬೇಡಿ. ನನಗೆ ಪಾಠ ಕಲಿಸಿದ್ದು ಪೆಟ್ಟು. ವರ್ಷಗಳ ಹಿಂದೆ ಕಂಪೋಸ್ ಮಾಡಿಟ್ಟಿದ್ದ ಸ್ಮರಣ ಸಂಚಿಕೆಯೊಂದನ್ನು ಹೊಸ ಯಂತ್ರದಲ್ಲಿ ತೆರೆದೆ. ಪುಟದ ತುಂಬ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ! ಹಳೆಯ ಫಾಂಟುಗಳು ಇಂಗ್ಲಿಷ್ ಅಕ್ಷರಕ್ಕೆ ಕನ್ನಡದ ವೇಷ ಹಾಕಿದ್ದವು. ಫಾಂಟು ಹೋಯಿತು, ವೇಷ ಕಳಚಿತು. ನಮ್ಮ ಅಕ್ಷರಕ್ಕೆ ಸ್ವಂತ ಸಂಖ್ಯೆ ಕೊಟ್ಟದ್ದು ಯೂನಿಕೋಡ್. 1991ರ ಮೊದಲ ಆವೃತ್ತಿಯಲ್ಲೇ ಕನ್ನಡ ಇತ್ತು.

ಅದೇ 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ಲಿನಕ್ಸ್‌ನ ತಿರುಳು ಬರೆದು ಲೋಕಕ್ಕೆ ಬಿಟ್ಟ. ಅದು ಬಿಟ್ಟಿ, ತಿದ್ದುವ ಹಕ್ಕೂ ನಮ್ಮದೇ. ಹಳೆಯ ಕಂಪ್ಯೂಟರಿದ್ದರೂ ಕಲಿಯಬಹುದು.

ಕಪ್ಪು ಪರದೆಯಲ್ಲಿ 'ಪಿಡಬ್ಲ್ಯುಡಿ' ಎಂದು ಒತ್ತಿ. ರಸ್ತೆ ಇಲಾಖೆಯಲ್ಲ ಮಾರಾಯರೇ! ನೀವು ಯಾವ ಕಡತಕೋಶದಲ್ಲಿ ನಿಂತಿದ್ದೀರಿ ಎಂದು ಹೇಳುತ್ತದೆ. 'ಎಲ್‌ಎಸ್' ಅಲ್ಲಿರುವುದನ್ನು ತೋರಿಸುತ್ತದೆ. 'ಸಿಡಿ' ಬೇರೆ ಕಡೆಗೆ ಒಯ್ಯುತ್ತದೆ. 'ಸಿಪಿ' ನಕಲು ಮಾಡುತ್ತದೆ. 'ಆರ್‌ಎಂ' ಅಳಿಸುತ್ತದೆ, ಅಲ್ಲಿ ಕಸದಬುಟ್ಟಿ ಇಲ್ಲ, ಹೋದದ್ದು ಹೋಯಿತು. 'ಸುಡೊ' ಮಾಲೀಕನ ಬೀಗದಕೈ. ಯಾರೋ ಹೇಳಿದ ಆಜ್ಞೆಗೆ ಅದನ್ನು ಕಣ್ಣುಮುಚ್ಚಿ ಹಚ್ಚಬೇಡಿ.

ಈಗ 'ಕನ್ನಡ' ಎಂಬ ಪದವನ್ನು 'ಪ್ರಿಂಟ್‌ಎಫ್' ಮೂಲಕ 'ಡಬ್ಲ್ಯುಸಿ'ಗೆ ಕೊಡಿ. ಜೊತೆಗೆ ಅಡ್ಡಗೆರೆ ಎಂ ಹಾಕಿದರೆ 5, ಅಡ್ಡಗೆರೆ ಸಿ ಹಾಕಿದರೆ 15. ನಮ್ಮ ಕಣ್ಣಿಗೆ ಮೂರೇ ಅಕ್ಷರ. ಯಂತ್ರಕ್ಕೆ ಕ, ನ, ಒತ್ತಿನ ಗುರುತು, ನ, ಡ, ಹೀಗೆ ಐದು. ಯುಟಿಎಫ್-8ರಲ್ಲಿ ಒಂದೊಂದಕ್ಕೂ 3 ಬೈಟು. ಎಷ್ಟೋ ಟರ್ಮಿನಲ್‌ಗಳಲ್ಲಿ ಒತ್ತಕ್ಷರ ಒಡೆದು ಕಾಣುತ್ತದೆ. ಆದರೂ ಲೆಕ್ಕ 15 ಬಂದರೆ ಅಕ್ಷರ ಕೆಟ್ಟಿಲ್ಲ, ತೋರಿಸುವ ಕಿಟಕಿ ಕೆಟ್ಟಿದೆ. ಇದು ಗೊತ್ತಿದ್ದವನನ್ನು "ಕಂಪ್ಯೂಟರಿಗೆ ಕನ್ನಡ ಆಗೋಲ್ಲ ರೀ" ಅಂತ ಯಾರೂ ಬಾಯಿ ಮುಚ್ಚಿಸಲಾರರು.

ನೆಟ್‌ವರ್ಕ್ ಕೆಟ್ಟರೆ ಹತ್ತಿರದಿಂದ ದೂರಕ್ಕೆ ಹುಡುಕಿ. ಮೊದಲು 'ಐಪಿ ಎ': ನಮ್ಮ ಯಂತ್ರಕ್ಕೆ 192.168ರಿಂದ ಶುರುವಾಗುವಂಥ ವಿಳಾಸ ಸಿಕ್ಕಿದೆಯೇ? ಆಮೇಲೆ ರೂಟರಿಗೆ 'ಪಿಂಗ್'. ಉತ್ತರ ಬರದಿದ್ದರೆ ತೊಂದರೆ ಬಹುಮಟ್ಟಿಗೆ ಮನೆಯೊಳಗೇ. ಬಂದರೆ ಹೊರಗಿನ 8.8.8.8ಕ್ಕೆ ಪಿಂಗ್. ಸಂಖ್ಯೆಗೆ ಉತ್ತರ ಬಂದು ಹೆಸರಿಗೆ ಬರದಿದ್ದರೆ ಹೆಸರನ್ನು ಸಂಖ್ಯೆ ಮಾಡಿಕೊಡುವ ಡಿಎನ್‌ಎಸ್ ನೋಡಿ. 'ಟ್ರೇಸ್‌ರೂಟ್' ದಾರಿಯ ನಿಲ್ದಾಣ ಹೇಳುತ್ತದೆ. ಹೊಳಲ್ಕೆರೆಯಿಂದ ಹೊರಟ ಬಸ್ಸು ದುರ್ಗ, ಹಿರಿಯೂರು, ಶಿರಾ, ತುಮಕೂರು ದಾಟಿ ಬೆಂಗಳೂರು ಸೇರಿದ ಹಾಗೆ.

ಕೊನೆಗೆ ಕಾವಲು. ಏಳು ಸುತ್ತಿನ ಕೋಟೆಗೂ ಒಂದು ಕಿಂಡಿ ಇತ್ತಲ್ಲ! ಯಂತ್ರದ ಕಿಂಡಿಗೆ ಪೋರ್ಟ್ ಎನ್ನುತ್ತಾರೆ. 'ಎಸ್‌ಎಸ್' ಆಜ್ಞೆಗೆ ಅಡ್ಡಗೆರೆ ಟಿಎಲ್‌ಎನ್ ಸೇರಿಸಿದರೆ ತೆರೆದು ಕಾಯುತ್ತಿರುವ ಕಿಂಡಿಗಳ ಪಟ್ಟಿ ಬರುತ್ತದೆ. ಬೇಡದ್ದನ್ನು ಮುಚ್ಚಿ. ಓಬವ್ವನ ಒನಕೆಯ ಕೆಲಸ ಇಲ್ಲಿ ಫೈರ್‌ವಾಲ್‌ನದು.

ಬಾವುಟ ಹಿಡಿದವರು ನಾವು, ಹಿಡಿಯೋಣ. ಆದರೆ ನಾಳೆ ಕಚೇರಿಯ ಸರ್ವರ್ ಮುಂದೆ ಕೂರುವ ಕೆಲಸಕ್ಕೆ ಆಳು ಬೇಕಾದಾಗ ನಮ್ಮ ಹುಡುಗ, ನಮ್ಮ ಹುಡುಗಿ ಸಿದ್ಧವಿರದಿದ್ದರೆ ಯಾರನ್ನು ದೂರೋಣ? ಇವತ್ತು ರಾತ್ರಿ ಹತ್ತು ಆಜ್ಞೆ ಕಲಿಯಿರಿ. ನಾಳೆ ಹತ್ತು ಜನಕ್ಕೆ ಕನ್ನಡದಲ್ಲೇ ಕಲಿಸಿ. ಒತ್ತು ಒಡೆದು ಕಂಡ ಕಡೆಯೆಲ್ಲ ಅದನ್ನು ಮಾಡಿದವರಿಗೆ ದೂರು ಬರೆಯಿರಿ. ಬರೆಯುವ ತನಕ ಅವರಿಗೂ ತಿಳಿಯುವುದಿಲ್ಲ.

ಸಿರಿಗನ್ನಡಂ ಗೆಲ್ಗೆ!